ಹೊರಗೆ ಎಷ್ಟು ಡಿಗ್ರಿ ಎಂದು ಕೇಳಿದವರು

ಕಾರಿನ ವಯರಿಂಗ್ ಕೆಲಸಕ್ಕೆ ಸೇರುವ ಹುಡುಗ ಹುಡುಗಿಯರಿಗೆ ನಾನು ಮೊದಲು ಹೇಳುವುದು ಬೆನ್ನು ನೋಡಿಕೊಳ್ಳಿ ಎಂದು. ಈ ವೃತ್ತಿಯ ಮುಕ್ಕಾಲು ಪಾಲು ಡ್ಯಾಶ್‌ಬೋರ್ಡಿನ ಕೆಳಗೆ ಅಂಗಾತ ಮಲಗಿ, ಬಾಯಲ್ಲಿ ಟಾರ್ಚು ಕಚ್ಚಿಕೊಂಡು, ಕಣ್ಣಿಗೆ ಕಾಣದ ತೂತಿನಲ್ಲಿ ವಯರು ತೂರಿಸುವುದರಲ್ಲೇ ಕಳೆದುಹೋಗುತ್ತದೆ. ಉಳಿದ ಕಾಲು ಪಾಲು ಬಿದ್ದುಹೋದ ಸ್ಕ್ರೂ ಹುಡುಕುವುದರಲ್ಲಿ. ಇಷ್ಟಾದರೂ ಮತ್ತೊಮ್ಮೆ ಹುಟ್ಟಿದರೆ ಇದೇ ಕೆಲಸ ಮಾಡುತ್ತೀರಾ ಎಂದು ಯಾರಾದರೂ ಕೇಳಿದರೆ, ಹೂಂ ಎನ್ನುತ್ತೇನೆ. ಆದರೆ ಸೊಂಟ ಮಾತ್ರ ಬೇರೆಯವರದ್ದು ಕೊಡಿ ಎನ್ನುತ್ತೇನೆ.

ನಾನು ಕೆಲಸ ಮಾಡಿದ್ದು ಜಪಾನಿನಲ್ಲಿ, ಟೋಕಿಯೋ ಮಗ್ಗುಲಿನ ಗ್ಯೋಟೋಕುವಿನಲ್ಲಿ, ರೈಲು ಹಳಿಯ ಪಕ್ಕದ ಒಂದು ಸಣ್ಣ ಅಂಗಡಿಯಲ್ಲಿ. ಒಳಗೆ ಎರಡು ಕಾರು ನಿಂತರೆ ಮೂರನೆಯದು ಬೀದಿಯಲ್ಲಿ ಕಾಯಬೇಕು. ಕಾರ್ಖಾನೆಯವರು ಕೊಡದೆ ಬಿಟ್ಟಿದ್ದನ್ನು ನಾವು ಹಾಕಿಕೊಡುತ್ತಿದ್ದೆವು. ರಿವರ್ಸ್ ಕ್ಯಾಮೆರಾ, ದಾರಿ ತೋರಿಸುವ ಪರದೆ, ಹಿಂದಿನ ಸೀಟಿಗೆ ಸ್ಪೀಕರು. ಮಾಲೀಕರು ಕುರಿಹಾರಾ-ಸಾನ್; ಸಾನ್ ಎಂದರೆ ನಮ್ಮಲ್ಲಿ ಹೆಸರಿಗೆ 'ಅವರು' ಸೇರಿಸಿದಂತೆ. ಗುಂಡು ಮುಖ, ಸದಾ ನೀಲಿ ಮೇಲಂಗಿ, ಏನು ಹೇಳಿದರೂ "ನರುಹೊದೊ" ಎನ್ನುವ ಅಭ್ಯಾಸ. ಹಾಗೆಂದರೆ 'ಓಹೋ, ಹಾಗೋ' ಎಂದರ್ಥ. ಮೆಚ್ಚಿದರೂ ನರುಹೊದೊ, ಸಿಟ್ಟು ಬಂದರೂ ನರುಹೊದೊ. ಯಾವುದು ಯಾವುದೆಂದು ತಿಳಿಯಲು ನನಗೆ ವರ್ಷಗಳೇ ಬೇಕಾದವು.

ನಾನು ಮೈಸೂರಿನ ಪಾಲಿಟೆಕ್ನಿಕ್‌ನಲ್ಲಿ ಎಲೆಕ್ಟ್ರಾನಿಕ್ಸ್ ಓದಿದವಳು. ಮದುವೆಯಾಗಿ, ನಮ್ಮ ಯಜಮಾನರಿಗೆ ಕಂಪನಿ ಟೋಕಿಯೋ ಪೋಸ್ಟಿಂಗ್ ಕೊಟ್ಟ ಮೇಲೆ, ಅನ್ನ ಸಾರು ಮಾಡಿಕೊಂಡು ಮಗಳನ್ನು ಶಾಲೆಗೆ ಕಳಿಸಿಕೊಂಡು ಇದ್ದೆ. ತರಕಾರಿ ತರಲು ಹೋಗುವಾಗ ದಿನವೂ ಆ ಅಂಗಡಿಯ ಮುಂದೆ ಹಾಯಬೇಕಿತ್ತು. ಸಾಲ್ಡರಿಂಗ್ ವಾಸನೆ ಮೂಗಿಗೆ ಬಡಿದಾಗಲೆಲ್ಲ ನನ್ನ ನಡಿಗೆ ತಾನಾಗಿ ನಿಧಾನವಾಗುತ್ತಿತ್ತು. ಒಂದು ದಿನ ಬಾಗಿಲಿಗೆ ಚೀಟಿ ಅಂಟಿಸಿದ್ದರು. ನನಗೆ ಓದಲು ಬಾರದು. ಮಗಳು ಓದಿ, "ಪಾರ್ಟ್‌ಟೈಮ್ ವರ್ಕರ್ ಬೇಕಂತೆ ಅಮ್ಮಾ. ಬಟ್ ಯೂ ಡೋಂಟ್ ಸ್ಪೀಕ್ ಜ್ಯಾಪನೀಸ್" ಎಂದಳು.

"ವಯರಿಗೆ ಭಾಷೆ ಬೇಡ ಕಣೇ," ಎಂದು ಒಳಗೆ ಹೋದೆ.

ಕುರಿಹಾರಾ-ಸಾನ್ ನನ್ನನ್ನು ಮೊದಲಿಗೆ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಎರಡು ವಯರು, ಒಂದು ಸಾಲ್ಡರಿಂಗ್ ಕಡ್ಡಿ ಕೈಗೆ ಕೊಟ್ಟರು. ಬೆಸೆದುಕೊಟ್ಟೆ. ಎರಡೂ ತುದಿ ಹಿಡಿದು ಜಗ್ಗಿದರು. ಬೆಸುಗೆ ಬಿಡಲಿಲ್ಲ. ಹೆಸರು ಕೇಳಿದರು. ವತ್ಸಲಾ ಎಂದೆ. ಅವರ ನಾಲಿಗೆಯಲ್ಲಿ 'ವ'ವೂ ಇಲ್ಲ, 'ಲ'ವೂ ಇಲ್ಲ. ಬಹಳ ಹೊತ್ತು ಒದ್ದಾಡಿ, "ಬತ್ಸರಾ-ಸಾನ್, ನಾಳೆ ಬನ್ನಿ" ಎಂದರು. ಅಂದಿನಿಂದ ನಿವೃತ್ತಿಯವರೆಗೂ ನಾನು ಬತ್ಸರಾ-ಸಾನ್. ಜಪಾನಿ ಮಾತನ್ನೂ ಅವರ ಬಾಯಿಂದಲೇ, ಕೆಲಸ ಮಾಡುತ್ತ ಮಾಡುತ್ತ ಕಲಿತೆ.

ಹೊರಗಿನ ಉಷ್ಣಾಂಶ ತೋರಿಸುವ ಡಿಸ್‌ಪ್ಲೇ ನನ್ನ ಪಾಲಿಗೆ ಬಂದದ್ದು ಅಂಗಡಿಯಲ್ಲಿ ಬೇರೆ ಯಾರಿಗೂ ಆ ಕೆಲಸ ಬೇಡವಾಗಿದ್ದರಿಂದ. ಈಗಿನ ಗಾಡಿಗಳಲ್ಲಿ ಅದು ಸ್ಪೀಡಿನ ಪಕ್ಕದಲ್ಲೇ ಮೂಡುತ್ತದೆ. ಆಗ ಅಗ್ಗದ ಗಾಡಿಗಳಲ್ಲಿ ಇರುತ್ತಿರಲಿಲ್ಲ. ಬೇಕೆಂದವರಿಗೆ ನಾವು ಬೆಂಕಿಪೊಟ್ಟಣದಷ್ಟು ಪರದೆಯೊಂದನ್ನು ಡ್ಯಾಶ್‌ಬೋರ್ಡಿಗೆ ಅಂಟಿಸಿ, ಅಲ್ಲಿಂದ ಉದ್ದನೆಯ ವಯರು ಎಳೆದು, ತುದಿಯ ಸೆನ್ಸರನ್ನು ಮುಂದಿನ ಬಂಪರಿನ ಹಿಂದೆ ಕಟ್ಟುತ್ತಿದ್ದೆವು. ಸೆನ್ಸರು ನೋಡಲು ಮೆಣಸಿನ ಕಾಳಿನಷ್ಟು. ಅದನ್ನು ಎಂಜಿನ್ನಿನ ಕಡೆಗೆ ದಾಟಿಸುವುದೇ ದೊಡ್ಡ ಯಾತ್ರೆ. ನಡುವಿನ ತಗಡಿನ ಗೋಡೆಯಲ್ಲಿ ಒಂದು ರಬ್ಬರ್ ಬಿರಡೆ ಇರುತ್ತದೆ. ಅದರಲ್ಲಿ ಸೂಜಿಯಷ್ಟು ತೂತು ಮಾಡಿ ವಯರು ತೂರಿಸಿ ಮತ್ತೆ ಮುಚ್ಚಬೇಕು. ಸರಿಯಾಗಿ ಮುಚ್ಚದಿದ್ದರೆ ಮಳೆಗಾಲದಲ್ಲಿ ಡ್ರೈವರನ ಕಾಲುಚೀಲ ಒದ್ದೆಯಾಗುತ್ತದೆ, ಆಮೇಲೆ ನಿಮ್ಮ ಕಿವಿ ಬಿಸಿಯಾಗುತ್ತದೆ.

ಜಾಗ ಹುಡುಕುವುದು ಇನ್ನೊಂದು ಕಷ್ಟ. ರೇಡಿಯೇಟರಿನ ಹತ್ತಿರ ಕೂಡದು, ಬಿಸಿಲು ಬೀಳಕೂಡದು, ಚಕ್ರದ ನೀರು ಎರಚಕೂಡದು. ಕುರಿಹಾರಾ-ಸಾನ್ ತಮ್ಮ ಪ್ರಾಯದಲ್ಲಿ ಒಂದು ಟ್ಯಾಕ್ಸಿಗೆ ರೇಡಿಯೇಟರಿನ ಮಗ್ಗುಲಲ್ಲೇ ಕಟ್ಟಿಬಿಟ್ಟಿದ್ದರಂತೆ. ಹಿಮ ಬೀಳುವ ದಿನ ಡಿಸ್‌ಪ್ಲೇ ನಡುಬೇಸಗೆ ತೋರಿಸುತ್ತಿತ್ತು. ಆ ಟ್ಯಾಕ್ಸಿಯವರು ಮಹಾ ರಸಿಕರು, ಸರಿಮಾಡಲು ಬಿಡಲೇ ಇಲ್ಲ. "ಪ್ರಯಾಣಿಕರು ಅದನ್ನು ನೋಡಿ ನಗುತ್ತಾರೆ, ನಕ್ಕವರು ಚಳಿ ಮರೆಯುತ್ತಾರೆ" ಎಂದರಂತೆ. ಈ ಕಥೆ ಹೇಳುವಾಗಲೆಲ್ಲ ಕುರಿಹಾರಾ-ಸಾನ್ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು.

ಇನ್ನು ರೂಪಾ ಎಂಬ ಗಿರಾಕಿಯ ವಿಷಯಕ್ಕೆ ಬರುತ್ತೇನೆ. ನನ್ನ ವೃತ್ತಿಯಲ್ಲಿ ನಾನು ಕಲಿತದ್ದರಲ್ಲಿ ಅರ್ಧ ಅವಳ ಕಾರಿನಿಂದ ಕಲಿತದ್ದು.

ಬೇಸಗೆಯ ಒಂದು ಬೆಳಗ್ಗೆ ಹಳೆಯ ಡಬ್ಬಿಯಂಥ ಕಾರೊಂದು ಬಂದು ನಿಂತಿತು. ಇಳಿದ ಹುಡುಗಿ ಕೈಯಲ್ಲಿ ಫೋನು ಹಿಡಿದು ಜಪಾನಿ ವಾಕ್ಯವೊಂದನ್ನು ಬಾಯಿಪಾಠ ಮಾಡುತ್ತಿದ್ದಳು, ನಡುನಡುವೆ ಕನ್ನಡದಲ್ಲಿ ಗೊಣಗುತ್ತ. ನಾನು ಕಾರಿನ ಕೆಳಗಿಂದ ತಲೆ ಹೊರಹಾಕಿ, "ಕನ್ನಡದಲ್ಲೇ ಹೇಳಮ್ಮ" ಎಂದೆ. ಪಾಪ, ಬೆಚ್ಚಿಬಿದ್ದಳು.

"ಅಯ್ಯೋ ಆಂಟಿ! ಕನ್ನಡದವ್ರಾ? ನಾನು ಓಜಿಮಾದಲ್ಲಿರೋದು ಆಂಟಿ, ಅಲ್ಲಿ ಟವರ್ ಬ್ಲಾಕ್ಸ್ ಇದೆಯಲ್ಲ, ಅಲ್ಲೇ ಮನೆ. ನಂಗೆ ಕಾರಲ್ಲಿ ಔಟ್‌ಸೈಡ್ ಟೆಂಪರೇಚರ್ ಬೇಕು. ಹೊಸ ಕಾರಲ್ಲೆಲ್ಲಾ ಬರುತ್ತಲ್ಲ, ಆ ಥರ."

ರೂಪಾ ಬೆಂಗಳೂರಿನವಳು. ಗಂಡ ಸಾಫ್ಟ್‌ವೇರು. ಅವಳು ಮನೆಯಲ್ಲಿ ಇಡ್ಲಿ ಹಿಟ್ಟು ರುಬ್ಬಿ, ಪೊಟ್ಟಣ ಮಾಡಿ, ಓಜಿಮಾದಿಂದ ಗ್ಯೋಟೋಕುವರೆಗೆ ನಮ್ಮ ದೇಶದವರ ಮನೆಮನೆಗೆ ಕೊಟ್ಟು ಬರುತ್ತಿದ್ದಳು. ಕೇಳಿದ್ದನ್ನು ಹಾಕಿಕೊಟ್ಟೆ. ಖುಷಿಯಾಗಿ ಹೋದಳು. ಸ್ವಲ್ಪ ದಿನದಲ್ಲೇ ವಾಪಸು ಬಂದಳು, ಮುಖ ಊದಿಸಿಕೊಂಡು. ಹಿಂದಿನ ಬಾಗಿಲು ತೆರೆದರೆ ಸೀಟು, ಕಾಲೊರೆಸು, ಬೆಲ್ಟು ಎಲ್ಲ ಹಿಟ್ಟೋಹಿಟ್ಟು.

"ಹೊರಗಡೆ ಇಪ್ಪತ್ತೆಂಟು ಅಂತಿತ್ತು ಆಂಟಿ. ಓಕೆ, ಜಾಸ್ತಿ ಏನಿಲ್ಲ ಅಂತ ಸ್ಟೇಷನ್ ಹತ್ರ ನಿಲ್ಸಿ ಫ್ರೆಂಡ್ ಮನೇಲಿ ಕಾಫಿ ಕುಡಿದು ಬಂದೆ. ಬಂದು ನೋಡಿದ್ರೆ ಪ್ಯಾಕೆಟ್ಸ್ ಎಲ್ಲಾ ಬರ್ಸ್ಟ್!"

ಕುರಿಹಾರಾ-ಸಾನ್ ಬಗ್ಗಿ ಮೂಸಿದರು. "ಬತ್ಸರಾ-ಸಾನ್, ಇದು 'ಸಾಕೆ'ಯಾ?" ಎಂದರು. ಅವರಿಗೆ ಹುಳಿಬಂದ ಅಕ್ಕಿ ಎಂದರೆ ತಮ್ಮ ಊರಿನ ಅಕ್ಕಿಮದ್ಯ ಸಾಕೆಯೇ ನೆನಪಾಗಿರಬೇಕು. ತಿಂಡಿ ಎಂದು ಹೇಳಿದೆ. ನರುಹೊದೊ ಎಂದರು. ಆಮೇಲೆ ಅವಳನ್ನು ಒಂದು ಮಾತು ಕೇಳಿ ಎಂದರು. "ಈ ಅಂಕಿ ನೋಡಿ ಇವರು ಏನು ಮಾಡುತ್ತಾರೆ?"

ಕೇಳಿದೆ.

"ಹಿಟ್ಟು ಉಕ್ಕುತ್ತಾ ಇಲ್ವಾ ಅಂತ ಗೆಸ್ ಮಾಡ್ತೀನಿ."

"ಹಿಟ್ಟು ಕಾರಿನ ಹೊರಗಿರುತ್ತದೆಯೇ ಎಂದು ಕೇಳಿ," ಎಂದರು.

ಅದನ್ನು ಕನ್ನಡಕ್ಕೆ ತರುವಷ್ಟರಲ್ಲಿ ನನಗೇ ನಗು ಬಂದುಬಿಟ್ಟಿತು. ಅವಳೂ ನಕ್ಕಳು. ಮೂವರೂ ನಗುತ್ತಲೇ ಸೀಟು ಬಿಚ್ಚಿ ತೊಳೆದೆವು. ಹಿಂಭಾಗಕ್ಕೆ ಇನ್ನೊಂದು ಸೆನ್ಸರು ಎಳೆದುಕೊಟ್ಟೆ. ಗುಂಡಿ ಒತ್ತಿದರೆ ಒಳಗಿನದು, ಮತ್ತೆ ಒತ್ತಿದರೆ ಹೊರಗಿನದು. ಅಂದಿನಿಂದ ಯಾವ ಗಿರಾಕಿ ಏನು ಕೇಳಿದರೂ ಮೊದಲು ನನ್ನ ಪ್ರಶ್ನೆ ಅದೇ. ನೋಡಿ ಏನು ಮಾಡುತ್ತೀರಿ? ನೀವೂ ಕೇಳಿ. ಎಷ್ಟೋ ಸಲ ಗಿರಾಕಿಗೆ ಬೇಕಾದದ್ದು ಅವರು ಕೇಳಿದ್ದಕ್ಕಿಂತ ಬೇರೆಯೇ ಇರುತ್ತದೆ.

ಆ ಚಳಿಗಾಲದಲ್ಲಿ ಸಂಕ್ರಾಂತಿಗೆಂದು ಟೋಕಿಯೋ ಸುತ್ತಮುತ್ತಲಿನ ನಮ್ಮ ಹಲವು ಕುಟುಂಬಗಳು ಸೇರಿ ನಾಗಾನೋದ ಬೆಟ್ಟದಲ್ಲಿ ಒಂದು ವಸತಿಗೃಹ ಹಿಡಿದರು. ಜನವರಿಯ ಉದ್ದನೆಯ ರಜೆ, ಮಕ್ಕಳಿಗೆ ಹಿಮ, ದೊಡ್ಡವರಿಗೆ ಎಳ್ಳುಬೆಲ್ಲ. ಎಲ್ಲರೂ ರೈಲಿನಲ್ಲಿ ಹೋಗಿ, ಅಲ್ಲಿಂದ ವಸತಿಗೃಹದ ಮಿನಿಬಸ್ಸಿನಲ್ಲಿ ಬೆಟ್ಟ ಹತ್ತುವುದೆಂದು ತೀರ್ಮಾನ. ತಿಂಡಿಯ ಜವಾಬ್ದಾರಿ ರೂಪಾಳದ್ದು. ಬಕೆಟ್ಟುಗಟ್ಟಲೆ ಹಿಟ್ಟನ್ನು ರೈಲಿನಲ್ಲಿ ಹೊರಲಾದೀತೇ? ಕಾರಿನಲ್ಲೇ ತರುತ್ತೇನೆ ಎಂದಳು. ಅವಳ ಗಂಡ ಆಫೀಸಿನ ಕೆಲಸಕ್ಕೆ ಬೆಂಗಳೂರಿಗೆ ಹೋಗಿದ್ದ. ನಮ್ಮ ಯಜಮಾನರಿಗೆ ಬೆಟ್ಟದ ತಿರುವಿನಲ್ಲಿ ಕಾರೆಂದರೆ ವಾಂತಿ, ಅವರು ರೈಲಿಗೆ ಹೊರಟರು. ನಾನು ಕಟ್ಟಿದ ಸೆನ್ಸರು ಸೊನ್ನೆಗಿಂತ ಕೆಳಗೆ ಹೇಗೆ ನಡೆಯುತ್ತದೆಂದು ನೋಡುವ ಆಸೆ ನನಗೆ. ರೂಪಾಳ ಜೊತೆ ಕಾರು ಹತ್ತುವುದೆಂದಾಯಿತು.

ಹೊರಡುವ ಹಿಂದಿನ ದಿನ ಕುರಿಹಾರಾ-ಸಾನ್ ಗಾಡಿ ತರಿಸಿಕೊಂಡು ಚಳಿಗಾಲದ ಟೈರು ಹಾಕಿದ್ದಾಳೋ ಇಲ್ಲವೋ ಎಂದು ಬಗ್ಗಿ ನೋಡಿದರು. ಹಾಕಿದ್ದಳು. ಲೋಟದಲ್ಲಿ ನೀರು, ನೀರಿನಲ್ಲಿ ಮಂಜುಗಡ್ಡೆ ತುಂಬಿ ಸೆನ್ಸರನ್ನು ಅದ್ದಿದರು. ಕರಗುವ ಮಂಜುಗಡ್ಡೆ ಯಾವ ದೇಶದಲ್ಲೂ ಸೊನ್ನೆಯೇ. ಡಿಸ್‌ಪ್ಲೇ ಸೊನ್ನೆ ತೋರಿಸಿತು. ಆಮೇಲೆ ರೂಪಾಳಿಗೆ ಅರ್ಥವಾಗಲೆಂದು ನಿಧಾನವಾಗಿ ಹೇಳಿದರು.

"ಇದು ಬಂಪರಿನ ಹಿಂದಿನ ಗಾಳಿಯ ಚಳಿ ಹೇಳುತ್ತದೆ, ಅಷ್ಟೆ. ರಸ್ತೆಯನ್ನು ಮುಟ್ಟಿ ನೋಡಿಲ್ಲ. ಗಾಡಿ ನಿಂತರೆ ಎಂಜಿನ್ನಿನ ಬಿಸಿ ಮುಂದಕ್ಕೆ ಬರುತ್ತದೆ, ಆಗ ಇದು ಹೇಳುವುದೆಲ್ಲ ಸುಳ್ಳು. ಮೂರಕ್ಕೆ ಇಳಿದರೆ ಹೆದರಲು ಶುರು ಮಾಡಿ."

"ಹಾಯ್, ಹಾಯ್," ಎಂದು ರೂಪಾ ತಲೆಯಾಡಿಸಿದಳು. ಜಪಾನಿನಲ್ಲಿ ಹಾಯ್ ಎಂದರೆ ಕೇಳಿಸಿತು ಎಂದಷ್ಟೇ. ಮನಸ್ಸಿಗೆ ಇಳಿಯಿತೋ ಇಲ್ಲವೋ, ಅದು ಬೇರೆ ವಿಷಯ.

ದಾರಿಯುದ್ದಕ್ಕೂ ಅವಳದ್ದು ಕ್ರಿಕೆಟ್ ಕಾಮೆಂಟರಿ. "ಆಂಟಿ, ವಾಕೋ ಬಂತು, ಎಂಟು ಡಿಗ್ರಿ!" "ಆಂಟಿ, ಗುನ್ಮಾ, ಐದು!" "ಸುರಂಗದೊಳಗೆ ಹತ್ತು ಆಂಟಿ, ಹೊರಗೆ ಬಂದ ತಕ್ಷಣ ನಾಲ್ಕು, ವಾವ್!" ದೂರದ ಬೆಟ್ಟಗಳ ಮೇಲೆ ಬಿಳಿ ಕಾಣತೊಡಗಿತು. ದಾರಿಬದಿಯ ಕೊಂಬಿನಿ ಅಂಗಡಿಯಲ್ಲಿ ಕೊಂಡ ಬಿಸಿ ಕಾಫಿ ಕೈಯಲ್ಲಿ, ಹಿಂದೆ ಹಿಟ್ಟಿನ ಬಕೆಟ್ಟುಗಳು ಗುಳುಗುಳು ಎನ್ನುತ್ತಿದ್ದವು. ಮನೆ, ಅಡುಗೆ, ಕೆಲಸ ಎಲ್ಲ ಮರೆತು ಹೀಗೆ ಹೋಗಿ ಎಷ್ಟು ಕಾಲವಾಗಿತ್ತೋ. ಡಿಸ್‌ಪ್ಲೇ ಒಂದಕ್ಕೆ ಇಳಿದು, ಸೊನ್ನೆಯಾಗಿ, ಮೈನಸ್ ಆದಾಗ ಇಬ್ಬರೂ ಚಪ್ಪಾಳೆ ತಟ್ಟಿದೆವು.

ಹೆದ್ದಾರಿಯಿಂದ ಇಳಿಯುವಲ್ಲಿ ರಜೆಯ ಜನಸಂದಣಿ. ಟೋಲ್ ಗೇಟಿನಿಂದ ಹಿಡಿದು ಕೆಳಗಿನ ಸಣ್ಣ ಊರಿನವರೆಗೂ ಗಾಡಿಗಳ ಸಾಲು. ನಿಂತು, ಮೂರು ಮಾರು ಹೋಗಿ, ಮತ್ತೆ ನಿಂತು. ಮೈನಸ್ ಇದ್ದದ್ದು ಒಂದಾಯಿತು, ಮೂರಾಯಿತು, ಆರಾಯಿತು.

"ನೋಡಿ ಆಂಟಿ, ಬಿಸಿಲು ಬಂತು, ಬೆಚ್ಚಗಾಯ್ತು," ಎಂದಳು ರೂಪಾ.

ಬಿಸಿಲೇನೋ ಇತ್ತು. ನಾನೂ ಹೌದೆನ್ನುವವಳೇ. ಅಷ್ಟರಲ್ಲಿ ಸಂದಣಿ ಕರಗಿ, ಗಾಡಿಗಳು ಒಂದೊಂದು ದಾರಿ ಹಿಡಿದು, ನಾವು ಬೆಟ್ಟದ ರಸ್ತೆಗೆ ತಿರುಗಿದೆವು. ಊರಿನ ಕೊನೆಯ ಮನೆಗಳು ಎರಡೂ ಪಕ್ಕದಲ್ಲಿ. ಸೂರುಗಳಿಂದ ಐಸಿನ ಕೋಲುಗಳು ಮೊಳದುದ್ದ ಇಳಿಬಿದ್ದಿದ್ದವು. ಒಂದರಿಂದಲೂ ಒಂದು ಹನಿ ತೊಟ್ಟಿಕ್ಕುತ್ತಿರಲಿಲ್ಲ. ಡಿಸ್‌ಪ್ಲೇ ನೋಡಿದೆ. ಇನ್ನೂ ಆರು. ಮತ್ತೆ ಸೂರು ನೋಡಿದೆ.

"ರೂಪಾ, ಆರು ಡಿಗ್ರಿ ಇದ್ರೆ ಅವು ತೊಟ್ಟಿಕ್ಕಬೇಕು ಕಣೇ."

"ಯಾವ್ದು ಆಂಟಿ?"

"ಸೂರಿನ ಐಸು. ನೋಡು, ಒಂದು ಹನಿ ಇಲ್ಲ. ಟ್ರಾಫಿಕ್‌ನಲ್ಲಿ ನಿಂತ ಬಿಸಿ ಅದು. ಆ ಆರನ್ನ ನಂಬಬೇಡ. ಕಾಲು ತೆಗಿ, ನಿಧಾನ ಮಾಡು."

"ಆಂಟಿ, ನೀವೇ ಹಾಕಿರೋದಲ್ವಾ ಇದು!"

"ನಾನೇ ಹಾಕಿರೋದಕ್ಕೇ ಹೇಳ್ತಿರೋದು. ನಿಧಾನ!"

ನನ್ನ ದನಿ ನನಗೇ ಜೋರೆನಿಸಿತು. ಅವಳಿಗೆ ಸ್ವಲ್ಪ ಬೇಸರವಾಯಿತೇನೋ, ತುಟಿ ಬಿಗಿದಳು. ಆದರೆ ಕಾಲು ತೆಗೆದಳು. ಕಾರು ನಡೆಯುವವನ ವೇಗಕ್ಕೆ ಬಂತು. ಮುಂದೊಂದು ತಿರುವು, ಬೆಟ್ಟದ ನೆರಳು ಬಿದ್ದು ಕಪ್ಪಾಗಿತ್ತು. ತಿರುಗಿದೊಡನೆ ಒಂದು ಸೇತುವೆ. ಸೇತುವೆಯ ನಡುವೆ ಬಿಳಿಯ ಪುಟ್ಟ ಲಾರಿಯೊಂದು ಅಡ್ಡಡ್ಡ ನಿಂತಿತ್ತು, ಮೂತಿ ಕಂಬಿಗೆ ಆನಿಸಿಕೊಂಡು.

ರೂಪಾ ಬ್ರೇಕು ಒತ್ತಿದಳು. ಪೆಡಲು ಗಡಗಡ ನಡುಗಿತು. ಕಾದ ಕಾವಲಿಯ ಮೇಲೆ ಬೆಣ್ಣೆ ಜಾರಿದ ಹಾಗೆ ಕಾರು ಸದ್ದಿಲ್ಲದೆ ಜಾರಿತು. ನಾನು ದೇವರ ಹೆಸರು ಹೇಳಿದೆನೋ, ನಮ್ಮಮ್ಮನ ಹೆಸರು ಹೇಳಿದೆನೋ ನೆನಪಿಲ್ಲ. ಹಿಂದೆ ಬಕೆಟ್ಟಿನ ಮುಚ್ಚಳಗಳು ಹಾರಿದ ಸದ್ದು. ಲಾರಿಯ ಬಾಗಿಲಿಗೆ ಕೈಚಾಚಿದರೆ ಸಿಗುವಷ್ಟು ದೂರದಲ್ಲಿ ನಿಂತೆವು.

ಲಾರಿಯಲ್ಲಿ ಒಬ್ಬ ವಯಸ್ಸಾದ ರೈತರು ಸ್ಟೀರಿಂಗ್ ಹಿಡಿದು ಬೆವರುತ್ತ ಕೂತಿದ್ದರು. ಪೆಟ್ಟಾಗಿರಲಿಲ್ಲ. ನಮ್ಮನ್ನು ನೋಡಿ ಅಲ್ಲಿಂದಲೇ ತಲೆ ಬಾಗಿಸಿ "ಸುಮಿಮಾಸೆನ್, ಸುಮಿಮಾಸೆನ್" ಎಂದು ಕ್ಷಮೆ ಕೇಳಿದರು. ಅಷ್ಟರಲ್ಲಿ ನನಗೆ ಹೊಳೆಯಿತು. ನಾವು ತಿರುವಿನ ಈಚೆಗಿದ್ದೇವೆ. ಹಿಂದೆ ಬರುವವರಿಗೆ ನಾವು ಕಾಣುವುದು ತಿರುಗಿದ ಮೇಲೆಯೇ. ಅವರ ಡಿಸ್‌ಪ್ಲೇಯಲ್ಲೂ ಆರೇ ಇದ್ದರೆ?

ಜಪಾನಿನ ಪ್ರತಿ ಕಾರಿನಲ್ಲೂ ಮುಂದಿನ ಸೀಟಿನಲ್ಲಿ ಕೂತವರ ಕಾಲಬುಡದಲ್ಲಿ ಕೆಂಪು ಕೋಲೊಂದು ಸಿಕ್ಕಿಸಿರುತ್ತದೆ. ಅಪಾಯ ಬಂದಾಗ ಹಚ್ಚುವ ಬೆಂಕಿಯ ಕೋಲು. ವಯರು ಎಳೆಯುವಾಗ ಅದನ್ನು ದಿನಕ್ಕೆ ಹತ್ತು ಸಲ ಕಿತ್ತು ಪಕ್ಕಕ್ಕಿಡುತ್ತಿದ್ದೆ. ಹಚ್ಚಿದ್ದು ಮಾತ್ರ ಹುಟ್ಟಿದಾರಭ್ಯ ಒಂದು ದಿನವೂ ಇಲ್ಲ. ಕಿತ್ತುಕೊಂಡು ಇಳಿದೆ.

"ಆಂಟಿ, ಜಾರ್ತೀರಾ! ಹೋಗ್ಬೇಡಿ!" ಎಂದು ರೂಪಾ ಕೂಗಿದಳು.

"ನೀನು ಹಿಂದಿನ ಲೈಟು ಮಿನುಗಿಸ್ತಾ ಇರು!" ಎಂದು ಕೂಗಿ ಹೊರಟೆ.

ರಸ್ತೆಯ ಮೇಲೆ ಕಾಲಿಡುವಂತಿರಲಿಲ್ಲ. ಕಂಬಿ ಹಿಡಿದುಕೊಂಡು, ಅಂಚಿನ ಹಿಮದಲ್ಲಿ ಮೊಣಕಾಲವರೆಗೆ ಹೂತುಕೊಳ್ಳುತ್ತ, ಸೀರೆಯಲ್ಲದಿದ್ದದ್ದೇ ಪುಣ್ಯ ಎಂದುಕೊಳ್ಳುತ್ತ ತಿರುವು ದಾಟಿದೆ. ಕೋಲಿನ ಮುಚ್ಚಳ ತೆಗೆದು ಅದಕ್ಕೇ ಬೆಂಕಿಕಡ್ಡಿ ಗೀರಿದಂತೆ ಗೀರಬೇಕು. ಮೊದಲ ಸಲ ಹತ್ತಲಿಲ್ಲ. ಎರಡನೆಯ ಸಲ ಭುಸ್ಸೆಂದು ಹತ್ತಿಕೊಂಡಿತು. ಸುತ್ತಲಿನ ಹಿಮವೆಲ್ಲ ಕುಂಕುಮ ಎರಚಿದಂತೆ ಕೆಂಪಾಯಿತು. ಕೈ ಎತ್ತಿ ಬೀಸತೊಡಗಿದೆ.

ಊರಿನ ಕಡೆಯಿಂದ ಒಂದು ಮಿನಿಬಸ್ಸು ಬರುತ್ತಿತ್ತು. ಕೆಂಪು ಬೆಳಕು ಕಂಡಿತೋ ಇಲ್ಲವೋ ಎಂದು ಜೀವ ಬಾಯಿಗೆ ಬಂದಿತ್ತು. ಕಂಡಿತು. ಬಿಸಿಲು ಬಿದ್ದ ಒಣ ಜಾಗದಲ್ಲೇ ವೇಗ ಇಳಿಸಿ, ನನ್ನಿಂದ ಸಾಕಷ್ಟು ದೂರದಲ್ಲಿ ನಿಂತಿತು. ಬಾಗಿಲು ತೆರೆಯಿತು. ಮೊದಲು ಇಳಿದವರು ಮಂಕಿಟೋಪಿ ಹಾಕಿಕೊಂಡ ನಮ್ಮ ಯಜಮಾನರು!

"ಏನೇ ವತ್ಸಲಾ, ಸಂಕ್ರಾಂತಿಗೆ ಬಂದು ದೀಪಾವಳಿ ಶುರು ಮಾಡ್ಬಿಟ್ಯಲ್ಲ?"

ನಾನು ತಿರುವಿನ ಕಡೆ ಕೈ ತೋರಿಸಿದೆ. ಅವರು ನಗುತ್ತಲೇ ಹೋಗಿ ಇಣುಕಿದರು. ಅಡ್ಡಬಿದ್ದ ಲಾರಿ, ಅದಕ್ಕೆ ಅಂಟಿದಂತೆ ನಿಂತ ಕಾರು, ಕೆಳಗೆ ಹೊಳೆ. ತಿರುಗಿ ಬರುವಾಗ ನಗು ಇರಲಿಲ್ಲ. ಬಸ್ಸಿನ ಕಿಟಕಿಗಳ ತುಂಬ ಮಕ್ಕಳ ಮುಖಗಳು, ಗಾಜಿಗೆ ಮೂಗು ಒತ್ತಿಕೊಂಡು ನನಗೆ ಟಾಟಾ ಮಾಡುತ್ತಿದ್ದವು. ಯಜಮಾನರು ಬಸ್ಸಿನ ಮೆಟ್ಟಿಲ ಮೇಲೆ ಕುಸಿದು ಕೂತು, ಟೋಪಿ ತೆಗೆದು ಮುಖ ಒರೆಸಿಕೊಂಡರು. ಸ್ವಲ್ಪ ಹೊತ್ತಾದ ಮೇಲೆ, "ಆ ಕೋಲು ಇನ್ನು ಬಿಡು, ಆರಿಹೋಗಿದೆ" ಎಂದರು. ನಾನು ಬೂದಿಯಾದ ಕೋಲನ್ನು ಇನ್ನೂ ತಲೆಯ ಮೇಲೆತ್ತಿ ಹಿಡಿದಿದ್ದೆ.

ಬಸ್ಸಿನ ಡ್ರೈವರು ಫೋನು ಮಾಡಿದರು. ಐಸು ಕರಗಿಸುವ ಪುಡಿ ಎರಚುವ ವಾಹನ ಬರುವವರೆಗೆ ಎಲ್ಲರೂ ಅಲ್ಲೇ ನಿಂತೆವು. ಆ ರೈತರಿಗೆ ಯಾರೋ ಫ್ಲಾಸ್ಕಿನಿಂದ ಕಾಫಿ ಬಗ್ಗಿಸಿಕೊಟ್ಟರು. ಏಲಕ್ಕಿ ಹಾಕಿದ ಕಾಫಿ ಅವರು ಜನ್ಮದಲ್ಲಿ ಕುಡಿದಿರಲಿಕ್ಕಿಲ್ಲ, ಅರಿಗಾತೋ ಎಂದು ಧನ್ಯವಾದ ಹೇಳುತ್ತ ಎರಡು ಲೋಟ ಕುಡಿದರು. ನಾನು ಕಾರಿನ ಹತ್ತಿರ ಹೋದಾಗ ರೂಪಾ ಎಂಜಿನ್ ಆರಿಸದೆ ಕೂತಿದ್ದಳು. ಡಿಸ್‌ಪ್ಲೇ ಈಗ ಒಂಬತ್ತು ತೋರಿಸುತ್ತಿತ್ತು. ಹೊರಗೆ ನನ್ನ ಕಿವಿಗಳಿಗೆ ಸ್ಪರ್ಶವೇ ಇರಲಿಲ್ಲ. ಅವಳು ಕರ್ಚೀಫು ತೆಗೆದು ಅದರ ಮುಖಕ್ಕೆ ಮುಚ್ಚಿ, "ಸಾಕು ನೀನು" ಎಂದಳು. ಆಮೇಲೆ ನನ್ನ ಭುಜಕ್ಕೆ ತಲೆಯಿಟ್ಟು ಗಟ್ಟಿಯಾಗಿ ಅತ್ತಳು. ಮರುದಿನ ಬೆಳಗಿನ ಇಡ್ಲಿ ಮಾತ್ರ ಹೂವಿನಂತೆ ಬಂದಿತ್ತು.

ಗ್ಯೋಟೋಕುವಿಗೆ ಮರಳಿ ಕುರಿಹಾರಾ-ಸಾನ್‌ಗೆ ಎಲ್ಲ ಹೇಳಿದೆ. ಹೇಳಿರಲಿಲ್ಲವೇ ಎಂದು ಅವರು ಅನ್ನಲಿಲ್ಲ. ರೂಪಾಳ ಗಾಡಿ ತರಿಸಿ, ಬಂಪರು ಬಿಚ್ಚಿ, ಸೆನ್ಸರನ್ನು ಎಡತುದಿಗೆ, ಎಂಜಿನ್ನಿನ ಬಿಸಿ ಮುಟ್ಟದಷ್ಟು ಕೆಳಕ್ಕೆ ಸರಿಸಿದೆವು. ಆಮೇಲೂ ನನಗೆ ಸಮಾಧಾನವಾಗಲಿಲ್ಲ.

"ಕುರಿಹಾರಾ-ಸಾನ್, ನೀವು ಬಾಯಲ್ಲಿ ಹೇಳಿದಿರಿ, ಅವಳು ಕೇಳಿದಳು. ಆದರೂ ಆರು ಅಂತ ಕಂಡ ಕೂಡಲೇ ನಂಬಿದಳು. ನಾನೂ ಅರೆಗಳಿಗೆ ನಂಬಿದೆ. ಇನ್ನು ಮೇಲೆ ಗಿರಾಕಿಯನ್ನು ನಾವೇ ಕೂರಿಸಿಕೊಂಡು ಟ್ರಾಫಿಕ್‌ಗೆ ಹೋಗೋಣ. ಅಂಕಿ ಏರುವುದನ್ನು ಅವರು ಕಣ್ಣಾರೆ ನೋಡಲಿ."

"ಮಾರುವ ಮುಂಚೆ ಅದರ ಸುಳ್ಳು ತೋರಿಸಿದರೆ ಯಾರು ಕೊಳ್ಳುತ್ತಾರೆ?"

"ಕೊಳ್ಳದಿದ್ದರೆ ಬೇಡ."

"ನರುಹೊದೊ," ಎಂದರು. ಇದು ಯಾವ ನರುಹೊದೊ ಎಂದು ತಿಳಿಯದೆ ಮನೆಗೆ ಹೋದೆ. ಮರುದಿನ ಒಬ್ಬ ಗಿರಾಕಿ ಬಂದಾಗ ಅವರು ಡಿಸ್‌ಪ್ಲೇ ಕಟ್ಟಿದ್ದ ಅಂಗಡಿಯ ಹಳೆಯ ಕಾರಿನ ಕೀಲಿ ತೆಗೆದುಕೊಂಡು, "ಬನ್ನಿ, ಮೊದಲು ಒಂದು ಸುತ್ತು ಹೋಗಿಬರೋಣ" ಎಂದು ತಾವೇ ಹೊರಟರು. ಅಂದಿನಿಂದ ಅದೇ ಪದ್ಧತಿ. ಕೆಲವರು ಬೇಡವೆಂದು ಹೋದರು. ಹೆಚ್ಚಿನವರು ಹಾಕಿಸಿಕೊಂಡರು, ಮತ್ತು ಅವರಲ್ಲಿ ಯಾರೂ ಮತ್ತೆ ಜಗಳಕ್ಕೆ ಬರಲಿಲ್ಲ.

ಕಾಲ ಬದಲಾಯಿತು. ಈಗಿನ ಗಾಡಿಗಳಲ್ಲಿ ಒಂದು ವಯರು ಕತ್ತರಿಸಿದರೆ ಹತ್ತು ದೀಪ ಹೊತ್ತಿಕೊಂಡು ಬಯ್ಯುತ್ತವೆ. ಎಲ್ಲವೂ ಕಂಪ್ಯೂಟರಿನ ಮೂಲಕ. ಎಷ್ಟೋ ಗಾಡಿಗಳಲ್ಲಿ ಸೆನ್ಸರು ಹುಟ್ಟಿನಿಂದಲೇ ಇರುತ್ತದೆ, ಪರದೆಯಲ್ಲಿ ಮಾತ್ರ ತೋರಿಸಿರುವುದಿಲ್ಲ. ಲ್ಯಾಪ್‌ಟಾಪು ಚುಚ್ಚಿ ಒಂದು ಸೆಟ್ಟಿಂಗು ಬದಲಿಸಿದರೆ ಅಂಕಿ ಮೂಡುತ್ತದೆ. ಅಂಗಾತ ಮಲಗುವುದೇ ಬೇಡ. ಮೊದಲ ಸಲ ಹಾಗೆ ಮಾಡಿದಾಗ ಏನೋ ಕದ್ದಂತೆ ಅನಿಸಿತು, ಸೊಂಟ ಮಾತ್ರ ಆಶೀರ್ವಾದ ಮಾಡಿತು.

ರೂಪಾ ಹೊಸ ಕಾರು ಕೊಂಡ ದಿನ ಫೋನು ಮಾಡಿದ್ದಳು. "ಆಂಟಿ, ಈ ಕಾರು ಟ್ರಾಫಿಕ್‌ನಲ್ಲಿ ನಿಂತ್ರೂ ನಂಬರ್ ಏರಲ್ಲ! ಫುಲ್ ಹಾನೆಸ್ಟ್!"

"ಹಾನೆಸ್ಟ್ ಅಲ್ಲ ಕಣೇ. ಗಾಡಿ ನಿಂತಾಗ ಹಳೇ ನಂಬರನ್ನೇ ಹಿಡ್ಕೊಂಡಿರು ಅಂತ ಅದಕ್ಕೆ ಹೇಳಿಕೊಟ್ಟಿದ್ದಾರೆ. ಅದು ಸತ್ಯ ಹೇಳ್ತಿಲ್ಲ, ಸುಮ್ನಿದೆ ಅಷ್ಟೆ."

"ಅಯ್ಯೋ, ಇದಕ್ಕೂ ಕರ್ಚೀಫಾ?"

"ಬೇಡ. ಕಿಟಕಿಯಿಂದ ಹೊರಗೂ ಒಂದು ಕಣ್ಣಿರ್ಲಿ, ಸಾಕು."

ನನ್ನ ಕೊನೆಯ ಕೆಲಸ ಕುರಿಹಾರಾ-ಸಾನ್ ಅವರದ್ದೇ. ಇಷ್ಟು ಜನರ ಗಾಡಿಗೆ ಹಾಕಿಕೊಟ್ಟವರ ಸ್ವಂತ ವ್ಯಾನಿನಲ್ಲಿ ಆ ಡಿಸ್‌ಪ್ಲೇ ಇರಲೇ ಇಲ್ಲ. ಕೇಳಿದರೆ, ಕಿಟಕಿ ಇಳಿಸಿ ಕೈ ಹೊರಗೆ ಚಾಚಿ, "ಇಪ್ಪತ್ತೊಂದು" ಎನ್ನುತ್ತಿದ್ದರು. ಹೆಚ್ಚುಕಡಿಮೆ ಸರಿಯೇ ಇರುತ್ತಿತ್ತು. ಕಳೆದ ಬೇಸಗೆಯಲ್ಲಿ ಒಂದು ಮಧ್ಯಾಹ್ನ ಬಿಡಿಭಾಗ ತರಲು ಹೋದವರು ವ್ಯಾನಿನಲ್ಲೇ ಪ್ರಜ್ಞೆ ತಪ್ಪಿದರು. ಎಸಿ ಆರಿಸಿ, ಕಿಟಕಿ ಇಳಿಸಿಕೊಂಡು ಹೋಗುತ್ತಿದ್ದರಂತೆ. ಪುಣ್ಯಕ್ಕೆ ಸಿಗ್ನಲ್ಲಿನಲ್ಲಿ ಅಲ್ಲ, ಅಂಗಡಿಯೊಂದರ ಮುಂದೆ ನಿಲ್ಲಿಸಿದ ಮೇಲೆ ಹಾಗಾದದ್ದು. ವಯಸ್ಸಾದವರಿಗೆ ಸೆಕೆ ತಿಳಿಯುವುದು ಕಡಿಮೆಯಾಗುತ್ತದೆ, ಚರ್ಮ ಹೇಳುವುದನ್ನು ನೆಚ್ಚಬೇಡಿ ಎಂದು ಡಾಕ್ಟರು ಹೇಳಿ ಕಳಿಸಿದರು. ಅವರು ಅಂಗಡಿ ಮುಚ್ಚುವ ತೀರ್ಮಾನ ಮಾಡಿದ್ದು ಆಸ್ಪತ್ರೆಯಿಂದ ಬಂದ ಮೇಲೆ. ನನಗೂ ವಯಸ್ಸಾಗಿತ್ತು. ಒಟ್ಟಿಗೇ ನಿವೃತ್ತಿ ಎಂದೆವು.

ಅಂಗಡಿಯ ಸಾಮಾನು ಖಾಲಿ ಮಾಡುತ್ತಿದ್ದಾಗ, ಅವರು ಊಟಕ್ಕೆ ಹೋದ ಹೊತ್ತಿನಲ್ಲಿ, ನಾನು ವ್ಯಾನಿನ ಕೆಳಗೆ ಮಲಗಿದೆ. ಬಿರಡೆಯಲ್ಲಿ ತೂತು, ವಯರು, ಬಂಪರಿನ ಎಡತುದಿ. ಇದ್ದುದರಲ್ಲಿ ದಪ್ಪ ಅಂಕಿಯ ಪರದೆ ಆರಿಸಿ ಅವರ ಕಣ್ಣಿನ ನೇರಕ್ಕೆ ಅಂಟಿಸಿದೆ. ಅವರು ಬಂದು ಸೀಟಿನಲ್ಲಿ ಕೂತು ಅದನ್ನು ದಿಟ್ಟಿಸಿದರು. ಕಿಟಕಿ ಇಳಿಸಿ ಕೈ ಹೊರಗೆ ಚಾಚಿದರು.

"ಇಪ್ಪತ್ತೊಂಬತ್ತು," ಎಂದರು.

"ಓದಿ," ಎಂದೆ.

ಕನ್ನಡಕ ಹಾಕಿಕೊಂಡು ಓದಿದರು. ಮೂವತ್ತಾರು. ಕೈಯನ್ನು ಒಳಗೆ ಎಳೆದುಕೊಂಡು, ಯಾರದ್ದೋ ಕೈ ಎಂಬಂತೆ ಹಿಂದೆ ಮುಂದೆ ತಿರುಗಿಸಿ ನೋಡಿದರು.

"ನನಗೆ ಸೆಕೆ ಅನಿಸುತ್ತಲೇ ಇಲ್ಲ, ಬತ್ಸರಾ-ಸಾನ್."

"ಗೊತ್ತು. ಅದಕ್ಕೇ ಹಾಕಿದ್ದು."

ಅವರು ಕಿಟಕಿ ಏರಿಸಿ, ಎಸಿಯನ್ನು ಪೂರ್ತಿ ತಿರುಗಿಸಿದರು. ನೀರಿನ ಬಾಟಲಿ ಕೊಟ್ಟೆ. ಅರ್ಧ ಕುಡಿದು, ಉಳಿದದ್ದನ್ನು ನನ್ನ ಕಡೆ ಚಾಚಿದರು.